ಆಪ್ತರು ಬೇಕಾಗಿದ್ದಾರೆ

ಭದ್ರಾವತಿಯ ಮನೆಗಳಲ್ಲಿ ಒಂದು ಕಾಲಕ್ಕೆ ಗಡಿಯಾರಕ್ಕಿಂತ ಹೆಚ್ಚಿನ ಅಧಿಕಾರ ಕಾರ್ಖಾನೆಯ ಪಾಳಿಗೆ ಇದ್ದಿತು. ಮನೆಯ ಯಜಮಾನ ಬೆಳಗಿನ ಪಾಳಿಗೆ ಹೊರಡುವವನಾದರೆ ಕತ್ತಲಿರುವಾಗಲೇ ಒಲೆ ಉರಿಯಬೇಕು. ರಾತ್ರಿಯ ಪಾಳಿ ಮುಗಿಸಿ ಬಂದು ಮಲಗಿದವನಾದರೆ ಹಗಲೆಲ್ಲ ಮಕ್ಕಳು ಪಿಸುಮಾತಿನಲ್ಲಿಯೇ ಜಗಳವಾಡಬೇಕು. ಊಟ, ನಿದ್ರೆ, ಹಬ್ಬ, ನೆಂಟರ ಮನೆಯ ಪ್ರಯಾಣ ಎಲ್ಲವೂ ಪಾಳಿಯನ್ನು ಕೇಳಿಕೊಂಡೇ ನಡೆಯುತ್ತಿದ್ದವು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೂ 1936ರಲ್ಲಿ ಸ್ಥಾಪನೆಗೊಂಡ ಕಾಗದದ ಕಾರ್ಖಾನೆಯೂ ಭದ್ರೆಯ ದಂಡೆಯ ಈ ಊರಿಗೆ ಅನ್ನವನ್ನು ಮಾತ್ರವಲ್ಲ, ದಿನಚರಿಯನ್ನೂ ಕೊಟ್ಟಿದ್ದವು.

ಕನ್ನಡ ನಾಡಿನ ಪತ್ರಿಕೆಗಳಿಗೆ ಕಾಗದ ಒದಗಿಸಿದ ಆ ಗಿರಣಿಯ ಯಂತ್ರಗಳು 2015ರಲ್ಲಿ ನಿಂತವು; 2021ರಲ್ಲಿ ಸರಕಾರ ಅದನ್ನು ಮುಚ್ಚುವ ಆದೇಶ ಹೊರಡಿಸಿತು. 2023ರ ಜನವರಿಯಲ್ಲಿ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಪ್ರಕಟವಾಯಿತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಬಾರ್ ಮಿಲ್ ಮರಳಿ ಚಾಲನೆಗೊಂಡಿತು. ಇವೆಲ್ಲ ಪತ್ರಿಕೆಗಳಲ್ಲಿ ಬಂದ ಸಂಗತಿಗಳು. ಆದರೆ ಮೂವತ್ತು ವರ್ಷ ಪಾಳಿಗೆ ಹೋಗಿ ಬಂದವನೊಬ್ಬ ಒಂದು ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಎಲ್ಲಿಗೂ ಹೋಗಬೇಕಾಗಿಲ್ಲವೆಂದು ನೆನಪಾಗಿ ಮಂಚದ ತುದಿಯಲ್ಲಿ ಕುಳಿತಾಗ ಅವನ ಮನಸ್ಸಿನಲ್ಲಿ ಏನಾಗುತ್ತದೆಂಬುದನ್ನು ಬರೆದಿಡಲು ಯಾವ ಲೆಕ್ಕದ ಪುಸ್ತಕದಲ್ಲಿಯೂ ಸ್ಥಳವಿಲ್ಲ.

ಭದ್ರಾವತಿಯಿಂದ ಶಿವಮೊಗ್ಗೆಗೆ ಸುಮಾರು ಇಪ್ಪತ್ತು ಕಿಲೋಮೀಟರು. ತುಂಗೆಯ ದಡದ ಈ ನಗರ ಮಲೆನಾಡಿಗೆಲ್ಲ ವಿದ್ಯೆಯ ಪೇಟೆ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಇಲ್ಲಿಯ ವಿದ್ಯಾರ್ಥಿನಿಲಯಗಳಲ್ಲಿಯೂ ಬಾಡಿಗೆಯ ಕೋಣೆಗಳಲ್ಲಿಯೂ ಓದುತ್ತಾರೆ. ಊರಿನಲ್ಲಿ ತಂದೆತಾಯಿ ಅಡಕೆ ಮಾರಿದ ಹಣವನ್ನೋ ಸಾಲದ ಹಣವನ್ನೋ ಕಳುಹಿಸಿರುತ್ತಾರೆ. ಆ ಹಣದ ಭಾರವನ್ನು ಅಂಕಪಟ್ಟಿ ಹೊರಬೇಕು. ಅಂಕ ಕಡಮೆಯಾದಾಗ ಆ ಮಗು ಮಾತು ಕಡಮೆ ಮಾಡುತ್ತದೆ. ಅಲ್ಲಿ ತಂದೆಯ ಮೌನ, ಇಲ್ಲಿ ಮಗುವಿನ ಮೌನ. ಎರಡಕ್ಕೂ ಕಾರಣ ಬೇರೆಯಾದರೂ ಕೇಳುವ ಪ್ರಶ್ನೆ ಒಂದೇ: ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ನೆಂಟರ ಮುಂದೆ ಹೇಳಿದರೆ ಮಾತು ಮರುದಿನ ಮದುವೆಯ ಮನೆಯಲ್ಲಿರುತ್ತದೆ. ಗೆಳೆಯನ ಮುಂದೆ ಹೇಳಿದರೆ ಅವನ ಕಣ್ಣಿನಲ್ಲಿ ತಾನು ಸಣ್ಣವನಾಗುವ ಭಯ. ಮನೋವೈದ್ಯರ ಬಾಗಿಲಿನಲ್ಲಿ ಯಾರಾದರೂ ಕಂಡರೆ ‘ಹುಚ್ಚು’ ಎಂಬ ಪಟ್ಟ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದರೆ ಆ ಪಟ್ಟ ಅವಳಿಗೂ ತಗಲುತ್ತದೆಂಬ ಅಂಜಿಕೆ. ಹೀಗೆ ಎಲ್ಲ ಬಾಗಿಲುಗಳೂ ಮುಚ್ಚಿದಂತೆ ತೋರುವ ಗಳಿಗೆಯಲ್ಲಿ ಪ್ರಾಣವೇ ಪಣವಾಗುವುದುಂಟು. 2022ರೊಂದರಲ್ಲಿಯೇ ನಮ್ಮ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ವರದಿ ತಿಳಿಸುತ್ತದೆ. ಅದರಲ್ಲಿ ಕಾಣಿಸಿದ ಕಾರಣಗಳ ಪೈಕಿ ಮೊದಲನೆಯದು ಕೌಟುಂಬಿಕ ಸಮಸ್ಯೆ, ಎರಡನೆಯದು ಅನಾರೋಗ್ಯ. ವೃತ್ತಿವಾರು ನೋಡಿದರೆ ಎಲ್ಲರಿಗಿಂತ ದೊಡ್ಡ ಪಾಲು ದಿನಗೂಲಿಯವರದು.

ಹೆಸರಿನಲ್ಲಿರುವ ಅರ್ಥ

ಇಂಥ ಗಳಿಗೆಯಲ್ಲಿ ನೆರವಿಗೆ ನಿಲ್ಲುವ ಸೇವೆಗೆ ಕನ್ನಡದಲ್ಲಿ ‘ಆಪ್ತಸಲಹೆ’ ಎಂದೂ ‘ಆಪ್ತಸಮಾಲೋಚನೆ’ ಎಂದೂ ಹೆಸರಿದೆ. ಹೆಸರಿಟ್ಟವರು ಯಾರೇ ಆಗಿರಲಿ, ಭಾಷೆಯ ಮರ್ಮ ಬಲ್ಲವರು. ‘ಆಪ್ತ’ ಎಂಬುದಕ್ಕೆ ಮೂಲದಲ್ಲಿ ‘ತಲುಪಿದ’ ಎಂಬ ಅರ್ಥವುಂಟು. ತರ್ಕಶಾಸ್ತ್ರದಲ್ಲಿ ಈ ಪದಕ್ಕೆ ಇನ್ನೂ ದೊಡ್ಡ ಗೌರವ. ಪ್ರತ್ಯಕ್ಷ, ಅನುಮಾನ, ಉಪಮಾನಗಳ ಸಾಲಿನಲ್ಲಿ ನಾಲ್ಕನೆಯ ಪ್ರಮಾಣವಾದ ‘ಶಬ್ದ’ವೆಂದರೆ ಆಪ್ತನ ಮಾತು; ಆಪ್ತನೆಂದರೆ ಇದ್ದುದನ್ನು ಇದ್ದಂತೆ ನುಡಿಯುವವನು. ಹತ್ತಿರ ಬಂದವನು, ಸುಳ್ಳು ಹೇಳದವನು ಎಂಬ ಎರಡು ಗುಣಗಳು ಒಂದೇ ಪದದಲ್ಲಿ ಕೂಡಿವೆ. ಬಂಧುತ್ವ, ಪಾಂಡಿತ್ಯ, ಪದವಿ ಯಾವುದೂ ಆ ಅರ್ಥದಲ್ಲಿ ಸೇರಿಲ್ಲವೆಂಬುದು ಗಮನಾರ್ಹ.

ಹಾಗಾದರೆ ವೈದ್ಯರಲ್ಲದ ಸಾಮಾನ್ಯರು ಈ ಕೆಲಸವನ್ನು ಮಾಡಬಲ್ಲರೆ? ಈ ಪ್ರಶ್ನೆಗೆ ಜಗತ್ತು ಎಪ್ಪತ್ತು ವರ್ಷಗಳಿಂದ ಉತ್ತರ ಕೊಡುತ್ತ ಬಂದಿದೆ.

ಕಾಫಿ ಕೊಟ್ಟವರ ಕಥೆ

ಇಂಗ್ಲೆಂಡಿನ ಚಾಡ್ ವರಾ ಎಂಬ ಪಾದ್ರಿ 1935ರಲ್ಲಿ, ಇನ್ನೂ ಕಿರಿಯನಾಗಿದ್ದಾಗ, ಒಬ್ಬ ಬಾಲಕಿಯ ಅಂತ್ಯಕ್ರಿಯೆ ನಡೆಸಬೇಕಾಯಿತು. ಋತುಮತಿಯಾದುದನ್ನು ಯಾವುದೋ ಕೆಟ್ಟ ರೋಗವೆಂದು ಭಾವಿಸಿ, ಕೇಳಲು ಯಾರೂ ಇಲ್ಲದೆ ಅವಳು ಪ್ರಾಣ ಕಳೆದುಕೊಂಡಿದ್ದಳು. ಒಂದು ಮಾತು ಸಾಕಾಗಿದ್ದ ಕಡೆ ಒಂದು ಜೀವ ಹೋದುದು ಅವರನ್ನು ಬಿಡದೆ ಕಾಡಿತು. 1953ರ ನವೆಂಬರಿನಲ್ಲಿ ಅವರು ಲಂಡನ್ನಿನ ತಮ್ಮ ಚರ್ಚಿನಲ್ಲಿ ಒಂದು ಟೆಲಿಫೋನನ್ನಿಟ್ಟು, ಬದುಕು ಬೇಡವೆನ್ನಿಸಿದವರು ತಮಗೆ ಕರೆ ಮಾಡಬಹುದೆಂದು ತಿಳಿಸಿದರು.

ಜನ ಕರೆ ಮಾಡಿದರು. ನೇರವಾಗಿ ಬಂದು ಸಾಲಿನಲ್ಲಿಯೂ ಕುಳಿತರು. ಕಾಯುವವರಿಗೆ ಕಾಫಿ ಕೊಡಲು, ಬೇಸರವಾಗದಂತೆ ಮಾತನಾಡಿಸಲು ಕೆಲವು ಮಂದಿ ಸ್ವಯಂಸೇವಕರು ಬರುತ್ತಿದ್ದರು. ಕೆಲವು ದಿನಗಳಲ್ಲಿ ಪಾದ್ರಿಯವರಿಗೆ ಒಂದು ವಿಚಿತ್ರ ಕಾಣಿಸಿತು. ಹೊರಗೆ ಕಾಫಿ ಕುಡಿಯುತ್ತ ಮನಸ್ಸು ತೋಡಿಕೊಂಡವರಲ್ಲಿ ಅನೇಕರು ಒಳಗೆ ಬರುವ ಅಗತ್ಯವೇ ಇಲ್ಲವೆಂದು ಹೊರಟುಹೋಗುತ್ತಿದ್ದರು. ವಿದ್ವಾಂಸರ ಉಪದೇಶಕ್ಕಿಂತ ಸಾಮಾನ್ಯರ ಸಾವಧಾನ ಹೆಚ್ಚಿನ ಕೆಲಸ ಮಾಡುತ್ತಿತ್ತು. 1954ರ ಆರಂಭದಲ್ಲಿ ಅವರು ಸೇವೆಯನ್ನೇ ಆ ಸ್ವಯಂಸೇವಕರ ಕೈಗೆ ಒಪ್ಪಿಸಿದರು. ಅದೇ ‘ಸಮಾರಿಟನ್ಸ್’ ಎಂಬ ಸಂಸ್ಥೆ.

ಆಫ್ರಿಕದ ಜಿಂಬಾಬ್ವೆಯ ಕಥೆಯೂ ಇದಕ್ಕೆ ಸಮೀಪದ್ದು. ಅಲ್ಲಿಯ ಮನೋವೈದ್ಯ ಡಿಕ್ಸನ್ ಚಿಬಾಂಡಾ ಅವರ ರೋಗಿಯೊಬ್ಬಳು ಆಸ್ಪತ್ರೆಗೆ ಬರಲು ಬಸ್ಸಿನ ದುಡ್ಡಿಲ್ಲದೆ ಪ್ರಾಣ ಕಳೆದುಕೊಂಡಳು. ರೋಗಿ ಆಸ್ಪತ್ರೆಗೆ ಬರಲಾರದಿದ್ದರೆ ಸಾಂತ್ವನವೇ ಬೀದಿಗೆ ಹೋಗಬೇಕೆಂದು ಅವರು ನಿಶ್ಚಯಿಸಿದರು. 2006ರಲ್ಲಿ ಹದಿನಾಲ್ಕು ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಚಿಕಿತ್ಸಾಲಯಗಳ ಅಂಗಳದಲ್ಲಿ ಮರದ ಬೆಂಚುಗಳನ್ನು ಹಾಕಿಸಿ ಅವರನ್ನು ಕೂರಿಸಿದರು. ‘ಸ್ನೇಹದ ಬೆಂಚು’ ಎಂದು ಅದಕ್ಕೆ ಹೆಸರು. ಈ ಅಜ್ಜಿಯರ ಬಳಿ ಮಾತನಾಡಿದವರ ಖಿನ್ನತೆ ಆರು ತಿಂಗಳ ಅನಂತರ ನೋಡಿದಾಗ ಗಮನಾರ್ಹವಾಗಿ ಇಳಿದಿದ್ದಿತೆಂದು 2016ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನ ತೋರಿಸಿತು. ಅಜ್ಜಿಯರ ಬೆಂಚಿಗೆ ಕನ್ನಡಿಗರು ಅಪರಿಚಿತರೇನಲ್ಲ. ನಮ್ಮ ಜಗುಲಿಯಲ್ಲಿ ಅದು ಮೊದಲಿನಿಂದಲೂ ಇದ್ದಿತು. ಜಗುಲಿ ಹೋಯಿತು, ಅಜ್ಜಿಯೂ ಊರಿನಲ್ಲಿಯೇ ಉಳಿದಳು.

ನಮ್ಮ ನೆರೆಯ ಚೆನ್ನೈಯಲ್ಲಿ ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ ಅವರು 1986ರಲ್ಲಿ ‘ಸ್ನೇಹ’ ಎಂಬ ಸ್ವಯಂಸೇವಾ ಕೇಂದ್ರವನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಮೆಡಿಕೋ ಪಾಸ್ಟೊರಲ್ ಅಸೋಸಿಯೇಷನ್ ಮತ್ತು ರೋಟರಿ ಕೂಡಿ 2002ರಲ್ಲಿ ‘ಸಹಾಯ್’ ದೂರವಾಣಿ ಸೇವೆಯನ್ನು ಆರಂಭಿಸಿದವು. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದು ಕನ್ನಡದಲ್ಲಿ ಮನಸ್ಸಿನ ಆರೋಗ್ಯದ ಬಗೆಗೆ ನೂರಾರು ಪುಸ್ತಕಗಳನ್ನು ಬರೆದ ಡಾ. ಸಿ. ಆರ್. ಚಂದ್ರಶೇಖರ್ ಅವರು ‘ಸಮಾಧಾನ’ ಎಂಬ ಉಚಿತ ಆಪ್ತಸಲಹಾ ಕೇಂದ್ರವನ್ನು ತೆರೆದು, ಗೃಹಿಣಿಯರು, ಶಿಕ್ಷಕರು, ನಿವೃತ್ತರು ಮುಂತಾದ ಸಾಮಾನ್ಯರಿಗೆ ಈ ವಿದ್ಯೆಯನ್ನು ಕಲಿಸಿದರು.

ಶಿವಮೊಗ್ಗೆಯ ದಾರಿ

ಈ ವಿಷಯದಲ್ಲಿ ಶಿವಮೊಗ್ಗ ಹಿಂದುಳಿದ ಊರಲ್ಲ. ಡಾ. ಕಟೀಲು ಅಶೋಕ ಪೈ ಅವರ ಹೆಸರನ್ನು ಇಲ್ಲಿ ತಿಳಿಯದವರು ವಿರಳ. ಅವರೂ ಅವರ ಪತ್ನಿ, ಮನಶ್ಶಾಸ್ತ್ರಜ್ಞೆ ಡಾ. ರಜನಿ ಪೈ ಅವರೂ ‘ಮಾನಸ’ ಸಂಸ್ಥೆಯ ಮೂಲಕ ಮನಸ್ಸಿನ ಕಾಯಿಲೆಗೆ ಮಲೆನಾಡಿನಲ್ಲಿ ಒಂದು ಗೌರವದ ಬಾಗಿಲು ತೆರೆದರು. ಔಷಧದ ಚೀಟಿ ಬರೆದರಷ್ಟೇ ಸಾಲದು, ಸಮಾಜದ ಅಂಜಿಕೆ ಹೋಗಬೇಕೆಂದು ಅಶೋಕ ಪೈ ಅವರು ಪತ್ರಿಕೆಗಳಿಗೆ ಬರೆದರು. ಅಷ್ಟೇ ಅಲ್ಲ, ಚಲನಚಿತ್ರಗಳನ್ನೇ ನಿರ್ಮಿಸಿದರು. ಸುರೇಶ್ ಹೆಬ್ಳೀಕರ್ ನಿರ್ದೇಶನದ ‘ಕಾಡಿನ ಬೆಂಕಿ’ (1988) ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಬಾಲ್ಯದ ಗಾಯವೊಂದು ದಾಂಪತ್ಯದ ನಡುವೆ ಎದ್ದು ನಿಲ್ಲುವ ಕಥೆಯನ್ನು ಜನ ಟಿಕೆಟು ಕೊಂಡು ನೋಡಿದರು. 2016ರಲ್ಲಿ ಅವರು ತೀರಿಕೊಂಡರು. ಅವರ ಸ್ಮರಣೆಯ ಕಾಲೇಜು ಶಿವಮೊಗ್ಗದಲ್ಲಿದೆ.

ಇದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ತೀವ್ರ ಮನೋರೋಗಿಗಳನ್ನು ಅವರ ಊರಿನಲ್ಲಿಯೇ ಗುರುತಿಸಿ, ಅಲ್ಲಿಯೇ ಚಿಕಿತ್ಸೆ ನೀಡುವ ಕಾರ್ಯಕ್ರಮವನ್ನು ನಿಮ್ಹಾನ್ಸ್ 2005ರಲ್ಲಿ ಆರಂಭಿಸಿತು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ವೈದ್ಯಕೀಯ ಕಾಲೇಜಿಗೆ ಸೇರಿದುದು. ಭದ್ರಾವತಿಗೆ ಹತ್ತಿರದ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯವಿದೆ. ಅಂದರೆ ಕಲಿಸಬಲ್ಲವರು ಇದ್ದಾರೆ, ಕಾಯಿಲೆ ಬಿಗಡಾಯಿಸಿದಾಗ ಕಳುಹಿಸಬೇಕಾದ ಸ್ಥಳಗಳೂ ಇವೆ. ನೊಂದವನ ಮನೆಯ ಹೊಸ್ತಿಲಿನಿಂದ ಆ ಸ್ಥಳದ ಬಾಗಿಲಿನವರೆಗೆ ಇರುವ ದಾರಿಯೇ ಉದ್ದವಾದುದು. ಅದನ್ನು ಅವನೊಡನೆ ನಡೆಯುವವನೇ ಸ್ವಯಂಸೇವಕ.

ಮೊದಲ ಪಾಠ: ಸುಮ್ಮನಿರುವುದು

ಸ್ವಯಂಸೇವಕನಾಗಲು ಬಂದವನಿಗೆ ಮೊದಲು ಕಲಿಸುವುದು ಮಾತನ್ನಲ್ಲ, ಮಾತು ನಿಲ್ಲಿಸುವುದನ್ನು. ದುಃಖ ಹೇಳಿಕೊಂಡವನಿಗೆ ನಮ್ಮ ಮನೆಗಳಲ್ಲಿ ಮೂರು ಉತ್ತರಗಳು ಸದಾ ಸಿದ್ಧವಾಗಿರುತ್ತವೆ. ‘ಇಷ್ಟಕ್ಕೆಲ್ಲ ಯಾರಾದರೂ ಕೊರಗುತ್ತಾರೆಯೆ?’ ಎಂಬುದು ಮೊದಲನೆಯದು. ‘ನಿನಗಿಂತ ಕಷ್ಟದಲ್ಲಿರುವವರನ್ನು ನೋಡು’ ಎಂಬುದು ಎರಡನೆಯದು. ‘ಎಲ್ಲ ದೇವರು ನೋಡಿಕೊಳ್ಳುತ್ತಾನೆ, ಏಳು, ಊಟ ಮಾಡು’ ಎಂಬುದು ಮೂರನೆಯದು. ಮೂರೂ ಪ್ರೀತಿಯಿಂದಲೇ ಹುಟ್ಟಿದವು. ಆದರೆ ಮೂರೂ ಹೇಳುವವನ ಬಾಯಿ ಮುಚ್ಚಿಸುತ್ತವೆ. ತರಬೇತಾದ ಆಪ್ತಸಲಹೆಗಾರ ಈ ಮೂರನ್ನೂ ನುಂಗಿಕೊಂಡು, ‘ಎಷ್ಟು ದಿನಗಳಿಂದ ಹೀಗಿದೆ?’ ಎಂದು ಮಾತ್ರ ಕೇಳಿ ಕಾಯುತ್ತಾನೆ. ಆ ಕಾಯುವಿಕೆಯೇ ಅವನ ವಿದ್ಯೆ.

ಎರಡನೆಯ ಪಾಠ ಇನ್ನೂ ಕಠಿಣ. ಸಾಯುವ ಯೋಚನೆ ಬಂದಿದೆಯೆ ಎಂದು ನೇರವಾಗಿ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗದೆ ಎಂದು ಸಜ್ಜನರು ಹೆದರುತ್ತಾರೆ. ಅಧ್ಯಯನಗಳು ಈ ಭಯಕ್ಕೆ ಆಧಾರವಿಲ್ಲವೆಂದು ತೋರಿಸಿವೆ. ಮೆಲುದನಿಯಲ್ಲಿ, ನಾಚಿಕೆಯಿಲ್ಲದೆ ಕೇಳಿದ ಆ ಪ್ರಶ್ನೆ ನೊಂದವನಿಗೆ ಬಹುಕಾಲದ ಹೊರೆಯನ್ನು ಇಳಿಸಲು ಅನುಮತಿ ಕೊಟ್ಟಂತಾಗುತ್ತದೆ. ಹೌದೆಂದರೆ ಅವನನ್ನು ಒಂಟಿಯಾಗಿ ಬಿಡದಿರುವುದು, ಮನೆಯಲ್ಲಿರುವ ವಿಷ, ಮಾತ್ರೆ ಮೊದಲಾದ ಅಪಾಯಕರ ವಸ್ತುಗಳನ್ನು ಕೈಗೆಟುಕದಂತೆ ಮಾಡಿಸುವುದು, ವೈದ್ಯರ ಬಳಿಗೆ ಕರೆದೊಯ್ಯುವುದು, ಮರುದಿನ ಮತ್ತೆ ವಿಚಾರಿಸುವುದು, ಇವಿಷ್ಟು ಆಗಲೇಬೇಕು. ಸಾಯಬೇಕೆಂಬ ಆವೇಗ ಬಹುಮಟ್ಟಿಗೆ ಅಲೆಯಂತೆ ಏರಿ ಇಳಿಯುವುದು. ಏರಿದಾಗ ಜೊತೆಯಲ್ಲಿ ಒಬ್ಬರಿದ್ದರೆ, ಅಪಾಯದ ವಸ್ತು ದೂರವಿದ್ದರೆ, ಪ್ರಾಣ ಉಳಿಯುತ್ತದೆ.

ಪೊಲೀಸರ ಭಯದಿಂದ ವಿಷಯ ಮುಚ್ಚಿಡುವ ಮನೆಗಳೂ ಇವೆ. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅವನಿಗೆ ಶಿಕ್ಷೆಯಲ್ಲ, ಆರೈಕೆ ಸಲ್ಲಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಹೇಳುತ್ತದೆ. ಹಿಂದಿನ ದಂಡಸಂಹಿತೆಯಲ್ಲಿ ಅದನ್ನು ಅಪರಾಧವೆಂದಿದ್ದ 309ನೆಯ ಕಲಮು 2024ರ ಜುಲೈ ತಿಂಗಳಿನಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಹಾಗೆ ಮುಂದುವರಿದಿಲ್ಲ.

ಎಳೆಯರ ಭಾಷೆ

ದೊಡ್ಡವರು ದುಃಖವನ್ನು ಮಾತಿನಲ್ಲಿ ಹೇಳುತ್ತಾರೆ. ಮಕ್ಕಳು ಮೈಯಲ್ಲಿ ಹೇಳುತ್ತಾರೆ. ಶಾಲೆಯ ದಿನದಂದೇ ಬರುವ ಹೊಟ್ಟೆನೋವು, ನಿಂತುಹೋಗಿದ್ದ ರಾತ್ರಿಯ ಮೂತ್ರ ಮತ್ತೆ ಆರಂಭವಾಗುವುದು, ಆಟದ ಗೆಳೆಯರನ್ನು ಬಿಟ್ಟು ಮೂಲೆ ಸೇರುವುದು, ಒಬ್ಬ ನಿರ್ದಿಷ್ಟ ವ್ಯಕ್ತಿಯ ಮನೆಗೆ ಹೋಗಲು ಹಟ ಹಿಡಿದು ನಿರಾಕರಿಸುವುದು, ಇವೆಲ್ಲ ವಾಕ್ಯಗಳೇ. ‘ನಾಟಕ ಮಾಡಬೇಡ’ ಎಂದು ಗದರಿದರೆ ಆ ಭಾಷೆಯೂ ಮೂಕವಾಗುತ್ತದೆ. ಅದಕ್ಕಾಗಿಯೇ ಮಕ್ಕಳ ಆಪ್ತಸಲಹೆಗಾರ ಎದುರಿಗೆ ಕುರ್ಚಿ ಹಾಕಿ ವಿಚಾರಣೆ ನಡೆಸುವುದಿಲ್ಲ. ನೆಲದ ಮೇಲೆ ಕುಳಿತು, ಬಣ್ಣದ ಪೆನ್ಸಿಲು ಕೊಟ್ಟು, ಮಗು ಬರೆದ ಮನೆಯ ಚಿತ್ರದಲ್ಲಿ ಯಾರು ಎಲ್ಲಿ ನಿಂತಿದ್ದಾರೆಂದು ನೋಡುತ್ತಾನೆ.

ಆಪ್ತಸಲಹೆಯಲ್ಲಿ ಕೇಳಿದ ಗುಟ್ಟು ಗುಟ್ಟಾಗಿಯೇ ಉಳಿಯಬೇಕೆಂಬುದು ನಿಯಮ. ಅದಕ್ಕೆ ಎರಡು ಅಪವಾದಗಳುಂಟು: ಯಾರದೇ ಪ್ರಾಣಕ್ಕೆ ಅಪಾಯವಿದ್ದರೆ, ಮತ್ತು ಮಗುವಿನ ಮೇಲೆ ದೌರ್ಜನ್ಯ ನಡೆದಿದ್ದರೆ. ಲೈಂಗಿಕ ದೌರ್ಜನ್ಯ ತಿಳಿದುಬಂದಲ್ಲಿ ಪೊಲೀಸರಿಗೆ ತಿಳಿಸುವುದನ್ನು 2012ರ ಪೋಕ್ಸೊ ಕಾಯಿದೆ ಕಡ್ಡಾಯ ಮಾಡಿದೆ. ಮಕ್ಕಳ ಸಹಾಯವಾಣಿ 1098ನ್ನು 1996ರಲ್ಲಿ ಮುಂಬಯಿಯಲ್ಲಿ ಜೆರೂ ಬಿಲಿಮೋರಿಯಾ ಅವರು ಬೀದಿಮಕ್ಕಳಿಗಾಗಿ ಆರಂಭಿಸಿದರು. ಈಗ ಸರಕಾರವೇ ನಡೆಸುವ ಆ ಸೇವೆಗೆ ಮಗುವೇ ಕರೆ ಮಾಡಬಹುದು, ನೆರೆಯವರೂ ಮಾಡಬಹುದು.

ಪರೀಕ್ಷೆಯ ಫಲಿತಾಂಶದ ವಾರದಲ್ಲಿ ಪ್ರತಿ ಮನೆಯೂ ಒಂದು ಸಂಗತಿಯನ್ನು ನೆನಪಿಡಬೇಕು. ಕರ್ನಾಟಕದ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಮಂಡಳಿಯೇ ಒಂದಕ್ಕಿಂತ ಹೆಚ್ಚು ಬಾಗಿಲು ತೆರೆದಿರುವಾಗ ಮನೆಯವರು ಒಂದನ್ನೂ ಮುಚ್ಚಬಾರದು.

ಸಮಾಧಾನದಿಂದ ಹೊಟ್ಟೆ ತುಂಬುವುದೆ?

ಇಲ್ಲಿ ಒಂದು ಪ್ರಶ್ನೆ ಏಳುವುದು ನ್ಯಾಯವೇ. ಭದ್ರಾವತಿಯ ಕಾರ್ಮಿಕ ಕಳೆದುಕೊಂಡದ್ದು ಕೆಲಸವನ್ನು. ಅವನಿಗೆ ಬೇಕಾದುದು ಸಂಬಳ. ಅವನ ಎದುರು ಕುಳಿತು ಮೃದುವಾಗಿ ಮಾತನಾಡಿದರೆ ಗಿರಣಿಯ ಬಾಗಿಲು ತೆರೆಯುವುದೆ? ತೆರೆಯುವುದಿಲ್ಲ. ಹಕ್ಕಿನ ಪ್ರಶ್ನೆಯನ್ನು ಮನಸ್ಸಿನ ಕಾಯಿಲೆಯೆಂದು ಕರೆದು ಮಲಗಿಸುವ ಆಪ್ತಸಲಹೆ ಆಪ್ತವೂ ಅಲ್ಲ, ಸಲಹೆಯೂ ಅಲ್ಲ; ಇದ್ದುದನ್ನು ಇದ್ದಂತೆ ನುಡಿಯುವವನು ತಾನೆ ಆಪ್ತ? ಅವನ ಕಷ್ಟ ನಿಜವೆಂದು, ಅದು ಅವನ ತಪ್ಪಲ್ಲವೆಂದು ಮೊದಲು ಒಪ್ಪಿಕೊಳ್ಳಬೇಕು. ಬರಬೇಕಾದ ಬಾಕಿಗೆ ಯಾವ ಕಚೇರಿ, ಸಾಲಕ್ಕೆ ಯಾವ ಬ್ಯಾಂಕು, ಕಾನೂನಿಗೆ ಯಾವ ಉಚಿತ ನೆರವು ಎಂದು ದಾರಿ ತೋರಬೇಕು. ವಿಪತ್ತಿನಲ್ಲಿ ಕೊಡುವ ಮಾನಸಿಕ ಪ್ರಥಮ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಮೂರು ಮಾತಿನಲ್ಲಿ ಹೇಳಿದೆ: ನೋಡುವುದು, ಆಲಿಸುವುದು, ಜೋಡಿಸುವುದು. ಮೂರನೆಯದಿಲ್ಲದೆ ಮೊದಲೆರಡು ಅಪೂರ್ಣ. ಹಾಗೆಯೇ ಹೋರಾಟ ಗೆಲ್ಲುವ ದಿನದವರೆಗೆ ಹೋರಾಡುವವನು ಬದುಕಿರಬೇಕಲ್ಲ!

ರಾತ್ರಿಯ ಯಾವ ಹೊತ್ತಿನಲ್ಲಿಯಾದರೂ ಕನ್ನಡದಲ್ಲಿಯೇ ಉತ್ತರ ಕೊಡುವ ‘ಟೆಲಿ ಮಾನಸ್’ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಗಿದೆ. ಅದರ ಸಂಖ್ಯೆ 14416; ಕರೆಗೆ ಹಣವಿಲ್ಲ. ಅಲ್ಲಿ ಮಾತನಾಡುವವರು ನೇಮಕಗೊಂಡ ಸಲಹೆಗಾರರು. ಪ್ರಾಣಾಪಾಯದ ತುರ್ತಿಗೆ 112 ಇದೆ. ಈ ಸಂಖ್ಯೆಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದು ಒಳ್ಳೆಯದು. ಆದರೆ ದೂರದ ದನಿ ಮಾತು ಮುಗಿಸಿದ ಮೇಲೆ ಮರುದಿನ ಮನೆಗೆ ಬಂದು ‘ರಾತ್ರಿ ನಿದ್ದೆ ಬಂತೆ, ಅಣ್ಣ?’ ಎಂದು ಕೇಳುವವರು ಊರಿನವರೇ ಆಗಬೇಕು. ವಾರಕ್ಕೆ ಎರಡು ಗಂಟೆ ಬಿಡುವು, ಕೆಲವು ವಾರಗಳ ತರಬೇತಿ, ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿ, ತನಗೆ ಮೀರಿದ್ದನ್ನು ತಜ್ಞರಿಗೆ ಒಪ್ಪಿಸುವ ವಿನಯ, ಇವಿದ್ದರೆ ಸಾಕು. ನಿವೃತ್ತ ಶಿಕ್ಷಕಿಯರು, ಬ್ಯಾಂಕಿನವರು, ಮಕ್ಕಳು ದೂರದ ಊರಿನಲ್ಲಿರುವ ಗೃಹಿಣಿಯರು ಈ ಎರಡು ಊರುಗಳಲ್ಲಿ ಬಹಳ ಮಂದಿ ಇದ್ದಾರೆ. ಕಾರ್ಖಾನೆಯಿಂದ ನಿವೃತ್ತರಾದವರೂ ಇದ್ದಾರೆ. ಕೆಲಸ ಹೋದವನ ಸಂಕಟ ಅವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಕುಲುಮೆಯ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಉಂಟು. ತನ್ನ ಪಾಳಿ ಮುಗಿದರೂ ಮುಂದಿನ ಪಾಳಿಯವನು ಬಂದು ನಿಲ್ಲುವವರೆಗೆ ಕೆಲಸಗಾರ ಸ್ಥಳ ಬಿಟ್ಟು ಹೋಗುವಂತಿಲ್ಲ, ಏಕೆಂದರೆ ಬೆಂಕಿಯನ್ನು ಒಂಟಿಯಾಗಿ ಬಿಡಬಾರದು. ಭದ್ರಾವತಿಯ ಮೂರು ತಲೆಮಾರುಗಳು ಈ ಪಾಠವನ್ನು ಬಲ್ಲವು. ನೊಂದ ಮನುಷ್ಯನ ಬಳಿ, ವೈದ್ಯನೋ ಬಂಧುವೋ ಬೆಳಗಿನ ಬೆಳಕೋ ಬರುವವರೆಗೆ, ಒಬ್ಬರು ಸ್ಥಳ ಬಿಡದೆ ಕುಳಿತಿರಬೇಕು. ಆ ಪಾಳಿಗೆ ಆಳು ಬೇಕಾಗಿದ್ದಾರೆ.